ಯಾರೂ ಅಲುಗಾಡಬ್ಯಾಡ್ರಿ

ನಮ್ಮವ್ವನ ವಿದ್ಯಾರ್ಥಿ ಜೀವನದ್ದು ಅಂತ ಮನೆಯಲ್ಲಿ ಇರುವುದು ಒಂದೇ ಒಂದು ಫೋಟೋ. 1984ರ ಮಾರ್ಚ್, ಮೂಡಲಗಿ, ಎಸ್ಸೆಸ್ಸೆಲ್ಸಿ ಬೀಳ್ಕೊಡುಗೆಯ ಗ್ರೂಪ್ ಫೋಟೋ. ಮುಂದೆ ಕುರ್ಚಿಗಳ ಮೇಲೆ ಹೆಡ್‌ಮಾಸ್ತರರು, ಉಳಿದ ಮಾಸ್ತರರು, ಅಂಚಿನಲ್ಲಿ ಒಬ್ಬರು ಅಕ್ಕೋರು. ಅವರ ಕಾಲ ಬಳಿ ಒಂದು ಕರಿ ಹಲಗೆ, ಅದರ ಮೇಲೆ ಚಾಕ್‌ಪೀಸಿನಲ್ಲಿ ಬರೆದ ಇಸವಿ. ಕುರ್ಚಿಗಳ ಹಿಂದೆ ಒಂದು ಸಾಲು ಹುಡುಗಿಯರು. ಅವರ ಹಿಂದೆ ಬೆಂಚಿನ ಮೇಲೆ ನಿಂತ ಎರಡು ಸಾಲು ಹುಡುಗರು. ಎಲ್ಲರೂ ಇಂಜೆಕ್ಷನ್ ಹಿಡಿದ ಡಾಕ್ಟರನ್ನು ನೋಡಿದ ಹಾಗೆ ಕ್ಯಾಮೆರಾ ನೋಡುತ್ತಿದ್ದಾರೆ.

ಒಬ್ಬಾಕಿ ಮಾತ್ರ ನೋಡುತ್ತಿಲ್ಲ. ಎಡಗಡೆಯಿಂದ ಐದನೆಯವಳು. ಅವಳ ಮುಖ ಕಲಸಿ ಹೋಗಿದೆ. ಕಣ್ಣು ಎರಡು ಗೆರೆ, ಬಾಯಿ ಒಂದು ಬಿಳಿ ಪಟ್ಟಿ. ಅದು ನಮ್ಮವ್ವ.

"ಯಾರೂ ಅಲುಗಾಡಬ್ಯಾಡ್ರಿ ಅಂತ ಮೂರ್ ಸಲ ಹೇಳಿದ್ರು. ನಾನೊಬ್ಬಾಕೀನ ಕೆಟ್ಟ ಬಂದೀನಿ" ಅಂತ ಅವ್ವ ಯಾವಾಗಲೂ ಅನ್ನುತ್ತಿದ್ದಳು. ಮನೆಗೆ ಬಂದವರು ಆ ಫೋಟೋ ಕಡೆ ನೋಡಿದರೆ ಸಾಕು, ಚಹಾದ ನೆಪ ಹೇಳಿ ಒಳಗೆ ಹೋಗುತ್ತಿದ್ದಳು. ಆ ಬೀಳ್ಕೊಡುಗೆಯಾದ ಮೇಲೆ ಅವಳು ಪರೀಕ್ಷೆ ಬರೆದಳು, ಪಾಸಾದಳು, ಮುಂದೆ ಓದಲಿಲ್ಲ. ಅಂದರೆ ಅವಳು ವಿದ್ಯಾರ್ಥಿಯಾಗಿದ್ದಕ್ಕೆ ಜಗತ್ತಿನಲ್ಲಿ ಇರುವ ಸಾಕ್ಷಿ ಒಂದು ಮಾರ್ಕ್ಸ್ ಕಾರ್ಡು ಮತ್ತು ಈ ಕಲಸಿದ ಮುಖ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕಕ್ಕೆ ಬಂತಲ್ಲ, ಆಗ ನಮ್ಮ ಮನೆಯೂ ನೀರಿನಲ್ಲಿತ್ತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಫೋಟೋ ಗಾಜಿಗೆ ಅಂಟಿಕೊಂಡಿತ್ತು. ಕೆಳಗಿನ ಭಾಗ ಪೂರ್ತಿ ಹೋಗಿತ್ತು: ಹಲಗೆ, ಇಸವಿ, ಹೆಡ್‌ಮಾಸ್ತರರು ಎಲ್ಲ. ಹುಡುಗಿಯರ ಸಾಲು ಎದೆಯವರೆಗೆ ಉಳಿದಿತ್ತು. ಓಣಿಯ ತುಂಬ ಎಲ್ಲರ ಮನೆ ಮುಂದೆಯೂ ಇದೇ ದೃಶ್ಯ. ಲಗ್ನದ ಆಲ್ಬಮ್ಮು, ಮಕ್ಕಳ ಪಾಟಿ ಪುಸ್ತಕ, ರೇಷನ್ ಕಾರ್ಡು ಬಿಸಿಲಿಗೆ ಹರವಿದ್ದರು. ಅವತ್ತಿನಿಂದ ನನಗೆ ಒಂದು ಪ್ರಶ್ನೆ ಹತ್ತಿಕೊಂಡಿತು. ಈ ಊರುಗಳಲ್ಲಿ ಇಷ್ಟು ತಲೆಮಾರು ಮಕ್ಕಳು ಶಾಲೆ ಕಲಿತರಲ್ಲ, ಅವರು ನಕ್ಕಿದ್ದು, ಬಸ್ಸಿಗೆ ಓಡಿದ್ದು, ಕಾಪಿ ಹೊಡೆದದ್ದು, ಹರಟೆ ಹೊಡೆದದ್ದು ಯಾವ ಫೋಟೋದಲ್ಲಿದೆ?

*

ಆ ಪ್ರಶ್ನೆಗೆ ಉತ್ತರ ಹುಡುಕಲು ನಾನು ಮೊದಲು ಮಾಡಿದ್ದು ಬೆಂಗಳೂರಿನ ಎಲ್ಲರೂ ಮಾಡುವ ಕೆಲಸ. ಇಎಂಐ ಮೇಲೆ ಒಂದು ಸಣ್ಣ ಕ್ಯಾಮೆರಾ ಕೊಂಡೆ. ಭಾನುವಾರ ಚರ್ಚ್ ಸ್ಟ್ರೀಟ್, ಕೆ.ಆರ್. ಮಾರ್ಕೆಟ್, ಅವೆನ್ಯೂ ರಸ್ತೆ ಅಂತ ಫೋಟೋವಾಕ್ ಹೋಗಿ ಹೂ ಮಾರುವವರನ್ನು, ಹಮಾಲರನ್ನು, ಕಾಫಿ ಕುಡಿಯುವವರನ್ನು ತೆಗೆದೆ. ಯಾರೂ ಏನೂ ಕೇಳಲಿಲ್ಲ. ನಾನು ಬೀದಿ ಛಾಯಾಗ್ರಾಹಕನಾದೆ ಅಂದುಕೊಂಡೆ.

ಆಮೇಲೆ ರಜೆಗೆ ಊರಿಗೆ ಹೋದೆ. ಗೋಕಾಕದ ಬಸ್ ನಿಲ್ದಾಣದಲ್ಲಿ ಸಂಜೆ ನಾಲ್ಕೂವರೆಗೆ ಕಾಲೇಜು ಬಿಟ್ಟ ಹೊತ್ತು. ನಾಲ್ಕು ಹುಡುಗಿಯರು ಒಂದೇ ಪೊಟ್ಟಣದಿಂದ ಶೇಂಗಾ ತಿನ್ನುತ್ತ ಏನಕ್ಕೋ ಬಿದ್ದು ಬಿದ್ದು ನಗುತ್ತಿದ್ದರು. ಕ್ಯಾಮೆರಾ ಎತ್ತಿದೆ. ಅವರಲ್ಲೊಬ್ಬಳು ನಗು ನಿಲ್ಲಿಸದೆಯೇ ತನ್ನ ಬ್ಯಾಗನ್ನು ಮುಖದ ಮುಂದೆ ಹಿಡಿದಳು. ಸಿಟ್ಟಿರಲಿಲ್ಲ, ಗಾಬರಿಯೂ ಇರಲಿಲ್ಲ. ಮಳೆ ಬಂದರೆ ತಲೆಗೆ ಸೆರಗು ಹಾಕಿಕೊಳ್ಳುವಷ್ಟು ಸಹಜವಾಗಿ ಮಾಡಿದಳು. ಪಕ್ಕದಲ್ಲಿ ಕೂತಿದ್ದ ಧೋತರದ ಅಜ್ಜನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಪೇಪರಿನವರೇನ್ರಿ?"

"ಅಲ್ರಿ."

"ಮತ್ತ್ ಯಾರ್ ಮಗ ನೀ?"

ಚರ್ಚ್ ಸ್ಟ್ರೀಟಿನಲ್ಲಿ ನನ್ನನ್ನು ಯಾರೂ ಯಾರ ಮಗ ಅಂತ ಕೇಳಿರಲಿಲ್ಲ. ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ತೆಗೆಯುವುದಕ್ಕೆ ಮೊದಲು ಸ್ವಲ್ಪ ಇತಿಹಾಸ ಓದಬೇಕು ಅನ್ನಿಸಿತು.

*

1838ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೆರ್ ಎಂಬಾತ ತನ್ನ ಕಿಟಕಿಯಿಂದ ಕೆಳಗಿನ ರಸ್ತೆಯ ಚಿತ್ರ ತೆಗೆದ. ಆ ರಸ್ತೆಯ ಹೆಸರು ಬುಲ್ವಾರ್ ದು ತಾಂಪ್ಲ್. ಗಿಜಿಗುಡುವ ರಸ್ತೆ. ಆದರೆ ಚಿತ್ರದಲ್ಲಿ ಅದು ಖಾಲಿ. ಯಾಕೆಂದರೆ ಆ ತಗಡಿನ ಮೇಲೆ ಬಿಂಬ ಮೂಡಬೇಕಾದರೆ ಹಲವು ನಿಮಿಷ ಬೆಳಕು ಬೀಳಬೇಕಿತ್ತು. ಅಷ್ಟರಲ್ಲಿ ನಡೆದವರು, ಓಡಿದವರು, ಗಾಡಿಗಳು ಎಲ್ಲ ಅಳಿಸಿಹೋದವು. ಒಬ್ಬನೇ ಒಬ್ಬ ಮನುಷ್ಯ ಉಳಿದ. ಅವನು ಕಾಲು ಮುಂದೆ ಚಾಚಿ ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತಿದ್ದ. ಮನುಷ್ಯರು ಕಾಣುವ ಮೊದಲ ಫೋಟೋಗಳಲ್ಲಿ ಒಂದು ಅಂತ ಇವತ್ತಿಗೂ ತೋರಿಸುವುದು ಅದನ್ನೇ. ಅಂದರೆ ಮೂಡಲಗಿಯ ಆ ಫೋಟೋಗ್ರಾಫರ್ ಹೇಳಿದ ಮಾತು ಈ ಕಲೆಯ ಹುಟ್ಟಿನಿಂದ ಇರುವ ಕಾನೂನು. ಅಲುಗಾಡದವನು ಉಳಿಯುತ್ತಾನೆ.

ನಮ್ಮ ಭಾಗಕ್ಕೆ ಕ್ಯಾಮೆರಾ ಬಂದದ್ದು ತೀರ ತಡವಾಗಿ ಏನಲ್ಲ. 1866ರಲ್ಲೇ ಲಂಡನ್ನಿನಲ್ಲಿ 'ಆರ್ಕಿಟೆಕ್ಚರ್ ಇನ್ ಧಾರವಾರ್ ಆ್ಯಂಡ್ ಮೈಸೂರ್' ಎಂಬ ದೊಡ್ಡ ಪುಸ್ತಕ ಬಂತು. ಪಿಗೌ, ನೀಲ್, ಬಿಗ್ಸ್ ಎಂಬ ಮೂವರು ಇಂಗ್ಲಿಷರು ತೆಗೆದ ಫೋಟೋಗಳು ಅದರಲ್ಲಿವೆ. 1874ರಲ್ಲಿ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಆಗಿನ ಕಲಾದಗಿ ಜಿಲ್ಲೆಗಳಲ್ಲಿ ಪುರಾತತ್ವ ಸರ್ವೇ ಮಾಡಿ ವರದಿ ಬರೆದ. ಇವರೆಲ್ಲರಿಗೂ ಬೇಕಾಗಿದ್ದು ಗುಡಿ, ಬಸದಿ, ಶಾಸನ. ಕಲ್ಲಿಗೆ "ಅಲುಗಾಡಬ್ಯಾಡ" ಅಂತ ಹೇಳಬೇಕಾಗಿಲ್ಲ, ನೋಡಿ. ಗಾಜಿನ ಪ್ಲೇಟು, ರಾಸಾಯನಿಕದ ಬಾಟಲಿ, ಕತ್ತಲೆ ಡೇರೆ ಎಲ್ಲ ಗಾಡಿಯ ಮೇಲೆ ಹೇರಿಕೊಂಡು ಬಂದವರು ಶಾಲೆಗೆ ಹೋಗುವ ಹುಡುಗನ ಮೇಲೆ ಒಂದು ಪ್ಲೇಟು ಖರ್ಚು ಮಾಡುವ ಮಾತೇ ಇರಲಿಲ್ಲ. ಆ ಕಾಲದ ಗುಡಿಗಳ ಫೋಟೋಗಳಲ್ಲಿ ಆಗೊಮ್ಮೆ ಈಗೊಮ್ಮೆ ಕಂಬದ ಪಕ್ಕ ಒಬ್ಬ ಮನುಷ್ಯ ನಿಂತಿರುತ್ತಾನೆ. ಕಂಬ ಎಷ್ಟು ಎತ್ತರ ಅಂತ ಗೊತ್ತಾಗಲಿ ಎಂದು ನಿಲ್ಲಿಸಿದ ಅಳತೆಗೋಲು ಅವನು.

ಅತ್ತ ಗೋಕಾಕ ಫಾಲ್ಸಿನಲ್ಲಿ 1885ರಲ್ಲಿ ಮಿಲ್ ಕಂಪನಿ ಶುರುವಾಯಿತು. 1887ರಲ್ಲಿ ಅದೇ ಧಬಧಬೆಯ ನೀರಿನಿಂದ ವಿದ್ಯುತ್ ಹುಟ್ಟಿಸಿದರು. ಇಡೀ ಏಷ್ಯಾದಲ್ಲೇ ಮೊದಮೊದಲ ಪ್ರಯತ್ನಗಳಲ್ಲಿ ಅದೂ ಒಂದು. ಆದರೆ ಆ ಬೆಳಕು ಸುತ್ತಲ ಹಳ್ಳಿಯ ಮಕ್ಕಳ ಪುಸ್ತಕದ ಮೇಲೆ ಬೀಳಲು ಎಷ್ಟೋ ದಶಕ ಹಿಡಿಯಿತು. ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿದ್ದು 1969ರಲ್ಲಿ. ದೇಶದಲ್ಲಿ ಪ್ರಯೋಗಕ್ಕೆಂದು ಮಾಡಿದ ಐದು ಸಂಘಗಳಲ್ಲಿ ಅದೊಂದು. ಅಲ್ಲಿಯವರೆಗೆ ಎಷ್ಟೋ ಮನೆಗಳಲ್ಲಿ ಓದು ಅಂದರೆ ಕಂದೀಲಿನ ಬೆಳಕಿನಲ್ಲಿ ನಡೆಯುವ ಕೆಲಸ. ಕಂದೀಲಿನ ಬೆಳಕಿನಲ್ಲಿ ಫೋಟೋ ಬರುವುದಿಲ್ಲ. ಹಾಗಾಗಿ ನಮ್ಮ ಅಜ್ಜಂದಿರ ವಿದ್ಯಾಭ್ಯಾಸ ನಮಗೆ ಸಿಗುವುದು ಬಾಯಿಮಾತಿನಲ್ಲಿ, ಇಲ್ಲವೇ ಬರಹಗಾರರ ನೆನಪಿನಲ್ಲಿ. ಬೆಟಗೇರಿಯ ಕೃಷ್ಣಶರ್ಮರು, ಮಲಾಮರಡಿಯ ಬಸವರಾಜ ಕಟ್ಟೀಮನಿಯವರು, ಘೋಡಗೇರಿಯ ಚಂದ್ರಶೇಖರ ಕಂಬಾರರು, ಮೂವರೂ ಗೋಕಾಕ-ಹುಕ್ಕೇರಿ ಸೀಮೆಯ ಹಳ್ಳಿಯವರು. ಕಂಬಾರರು ಗೋಕಾಕದಲ್ಲಿ ಓದುತ್ತಿದ್ದಾಗ ಬಡತನಕ್ಕೆ ಶಾಲೆ ಬಿಟ್ಟಿದ್ದರು. ಸಾವಳಗಿ ಮಠದ ಸ್ವಾಮಿಗಳು ಖರ್ಚು ನೋಡಿಕೊಂಡಿದ್ದರಿಂದ ಮತ್ತೆ ಓದು ಮುಂದುವರಿಯಿತು. ಫೀ ಕಟ್ಟಲಾಗದೆ ಶಾಲೆ ಬಿಟ್ಟ ಹುಡುಗನ ಮುಖ ಹೇಗಿರುತ್ತದೆ? ಅಂಥ ಹುಡುಗರು ಊರಿಗೊಬ್ಬರಂತೆ ಇದ್ದರು. ಅವರ ಮನೆಗೆ ಯಾವ ಫೋಟೋಗ್ರಾಫರ್ ಹೋಗುತ್ತಾನೆ?

*

ಇನ್ನು ಸ್ಟುಡಿಯೊ ಕಾಲ. ಇದನ್ನು ನನಗೆ ಅರ್ಥ ಮಾಡಿಸಿದ್ದು ಗೋಕಾಕದ ಒಬ್ಬರು ಸ್ಟುಡಿಯೊ ಕಾಕಾ. ಈಗ ಅವರ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್, ಆನ್‌ಲೈನ್ ಅರ್ಜಿ ಇಷ್ಟೇ ನಡೆಯುತ್ತದೆ. ಒಳಗಿನ ಕೋಣೆಯಲ್ಲಿ ಮಾತ್ರ ತಾಜಮಹಲಿನ ಪರದೆ ಇನ್ನೂ ನೇತಾಡುತ್ತಿದೆ. ಅವ್ವನ ಫೋಟೋ ತೋರಿಸಿ, "ಕಾಕಾ, ಯಾಕ ಆಗಿನ ಹುಡುಗ್ರು ನಗೂ ಫೋಟೋನ ಇಲ್ಲ?" ಅಂದೆ.

"ತಮ್ಮಾ, ಒಂದ್ ರೋಲಿಗೆ 12 ಫೋಟೋ. ಹನ್ನೆರಡಕ್ಕ ಹನ್ನೆರಡೂ ಛಲೋ ಬರಬೇಕು. ನಗೂ ಹುಡುಗೂರ ಮ್ಯಾಲ ಫ್ರೇಮ್ ಸುರುವಾಕ ನಮ್ಮಪ್ಪ ಏನ್ ಮಿಲ್ ಮಾಲಕನ?"

ಲೆಕ್ಕ ಅಷ್ಟೇ ಸರಳ. ಆಗ ಮಧ್ಯಮ ವರ್ಗದ ಮನೆಗೆ ಬಂದಿದ್ದ ಆಗ್ಫಾ ಕ್ಲಿಕ್ III ಆಗಲಿ, ಸ್ಟುಡಿಯೊಗಳ ಯಾಶಿಕಾ ಆಗಲಿ, 120ರ ರೋಲು ಹಾಕಿದರೆ 12 ಚೌಕ ಚಿತ್ರ. ಹೊರದೇಶದ ಕ್ಯಾಮೆರಾ, ಫಿಲ್ಮಿಗೆ ಆಮದಿನ ಕಟ್ಟುಪಾಡು. ಸರ್ಕಾರ 1960ರಲ್ಲಿ ಊಟಿಯಲ್ಲಿ ಹಿಂದುಸ್ತಾನ್ ಫೋಟೋ ಫಿಲ್ಮ್ಸ್ ಕಟ್ಟಿದ್ದೇ ಇದಕ್ಕಾಗಿ. ಅಲ್ಲಿಯ 'ಇಂದು' ಬ್ರ್ಯಾಂಡಿನ ಕಪ್ಪು-ಬಿಳುಪು ಫಿಲ್ಮು ನಮ್ಮ ಕಡೆಯ ಎಷ್ಟೋ ಲಗ್ನಗಳನ್ನು ನೋಡಿದೆ. ಆದರೂ ಪ್ರತಿ ಫ್ರೇಮಿಗೂ ಬೆಲೆ ಇತ್ತು. ಬೆಲೆ ಇದ್ದದ್ದರ ಮೇಲೆ ಮದುವೆ, ತೊಟ್ಟಿಲು, ಹಾಲ್ ಟಿಕೆಟ್, ಸಾವು ಇಂಥವಕ್ಕಷ್ಟೇ ಹಕ್ಕು.

ಗ್ರೂಪ್ ಫೋಟೋಕ್ಕೆ ಬೇರೆಯೇ ಶಾಸ್ತ್ರ. ದೊಡ್ಡ ಸ್ಟ್ಯಾಂಡ್ ಕ್ಯಾಮೆರಾ, ತಲೆ ಮೇಲೆ ಕರಿ ಬಟ್ಟೆ. ಮುಂದಿನ ಕುರ್ಚಿಯಿಂದ ಹಿಂದಿನ ಬೆಂಚಿನವರೆಗೆ ಎಲ್ಲರೂ ಸ್ಪಷ್ಟ ಬರಬೇಕಾದರೆ ಲೆನ್ಸಿನ ಕಂಡಿ ಸಣ್ಣದು ಮಾಡಬೇಕು. ಕಂಡಿ ಸಣ್ಣದಾದರೆ ಬೆಳಕು ಕಡಿಮೆ. ಮಾರ್ಚ್ ತಿಂಗಳ ಬಿಸಿಲಿಗೆ ಹೆದರಿ ಎಲ್ಲರನ್ನೂ ಬೇವಿನ ಗಿಡದ ನೆರಳಿಗೆ ನಿಲ್ಲಿಸಿರುತ್ತಾರೆ, ಅಲ್ಲಿ ಇನ್ನೂ ಕಡಿಮೆ. ಹಾಗಾಗಿ ಶಟರ್ ಅರ್ಧ ಸೆಕೆಂಡೋ ಒಂದು ಸೆಕೆಂಡೋ ತೆರೆದೇ ಇರಬೇಕು. ಆ ಒಂದು ಸೆಕೆಂಡಿನಲ್ಲಿ ನಮ್ಮವ್ವ ಅಲುಗಾಡಿದಳು.

"ಎರಡ ಶೀಟ್ ಹೊಡೀತಿದ್ವಿ" ಅಂದರು ಕಾಕಾ. "ಎರಡರಾಗ ಛಲೋದನ್ನ ಆರಿಸಿ ಕಾಪಿ ಹಾಕೂದು."

"ಛಲೋದು ಅಂತ ಹೆಂಗ ಆರಿಸ್ತಿದ್ರಿ?"

"ಹೆಡ್‌ಮಾಸ್ತರ ಕಣ್ಣ ತೆರದಿರಬೇಕು. ಉಳದವರದು ಆಮ್ಯಾಲ."

ನನಗೆ ನಗುವೂ ಬಂತು, ಒಂದು ನಮೂನಿ ಸಂಕಟವೂ ಆಯಿತು. ಹಾಗಾದರೆ ಇನ್ನೊಂದು ಶೀಟಿನಲ್ಲಿ ನಮ್ಮವ್ವ ಸ್ಪಷ್ಟವಾಗಿ ಬಂದಿದ್ದಳೋ ಏನೋ! ಆದರೆ ಅಲ್ಲಿ ಹೆಡ್‌ಮಾಸ್ತರರು ಕಣ್ಣು ಮುಚ್ಚಿದ್ದಿರಬೇಕು. ಶಾಲೆಯ ಗ್ರೂಪ್ ಫೋಟೋ ಯಾರ ಇತಿಹಾಸ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕೇ? ಅದು ಸಂಸ್ಥೆಯ ಇತಿಹಾಸ. ಮಕ್ಕಳು ಅದರಲ್ಲಿ ಬರ್ಜೆಸ್ ಕಾಲದ ಕಂಬದ ಪಕ್ಕದ ಮನುಷ್ಯನ ಹಾಗೆ. ಶಾಲೆ ಎಷ್ಟು ದೊಡ್ಡದು ಅಂತ ತೋರಿಸುವ ಅಳತೆಗೋಲು.

ಎಂಬತ್ತರ ದಶಕದ ಕೊನೆಗೆ ಹಾಟ್‌ಶಾಟ್, ತೊಂಬತ್ತರಲ್ಲಿ ಕೊಡ್ಯಾಕ್ ಕೆಬಿ10 ಬಂದವು. 36 ಚಿತ್ರಗಳ ಕಲರ್ ರೋಲು. ಕಾಲೇಜು ಟ್ರಿಪ್ಪುಗಳಲ್ಲಿ ಯಾರಾದರೊಬ್ಬರ ಕುತ್ತಿಗೆಯಲ್ಲಿ ಕ್ಯಾಮೆರಾ ನೇತಾಡತೊಡಗಿತು. ಗೋಕಾಕ ಫಾಲ್ಸಿನ ತೂಗು ಸೇತುವೆ ಮೇಲೆ, ಸುಮಾರು 200 ಮೀಟರ್ ಉದ್ದದ ಆ ಸೇತುವೆಯ ಕಬ್ಬಿಣದ ಹಗ್ಗ ಹಿಡಿದು ನಿಂತ ಗುಂಪುಗಳ ಫೋಟೋ ನಮ್ಮ ಭಾಗದ ಹಳೆಯ ಆಲ್ಬಮ್ಮುಗಳಲ್ಲಿ ಖಾಯಂ. ಆದರೆ ಅಲ್ಲೂ ಎಲ್ಲರೂ ಸಾಲಾಗಿ ನಿಂತೇ ಇರುತ್ತಾರೆ. ಮಾಸ್ತರರು ಇಲ್ಲದಿದ್ದರೂ "ಅಲುಗಾಡಬ್ಯಾಡ್ರಿ" ಅನ್ನುವುದು ಮೈಯಲ್ಲಿ ಉಳಿದುಬಿಟ್ಟಿತ್ತು.

*

ಹಾಗಂತ ವಿದ್ಯಾರ್ಥಿಗಳು ಬೀದಿಯಲ್ಲಿ ಇರುವ ಫೋಟೋಗಳೇ ಇಲ್ಲ ಅಂತಲ್ಲ. ಪತ್ರಿಕೆಗಳಲ್ಲಿ ಬರುತ್ತಿದ್ದವು. ಆಫೀಸಿನಲ್ಲಿ ಆಗಾಗ ಯಾರಾದರೂ ಕೇಳುತ್ತಾರೆ: "ಗೋಕಾಕ್ ಚಳವಳಿ ನಿಮ್ಮೂರಲ್ಲೇ ಆಗಿದ್ದಲ್ವಾ?" ಅಲ್ಲ ಮಾರಾಯ್ರೇ, ಅದು ವಿ.ಕೃ. ಗೋಕಾಕರ ಅಧ್ಯಕ್ಷತೆಯ ಭಾಷಾ ಸಮಿತಿಯ ವರದಿಯಿಂದ ಬಂದ ಹೆಸರು. ಆ ಚಳವಳಿಯಲ್ಲಿ ರಾಜ್ಯದ ತುಂಬ ವಿದ್ಯಾರ್ಥಿಗಳು ರಸ್ತೆಗಿಳಿದರು, ಫೋಟೋಗಳಾದರು. ಅಂದರೆ ಪತ್ರಿಕೆಗೆ ವಿದ್ಯಾರ್ಥಿ ಕಾಣುವುದು ಮೆರವಣಿಗೆಯಲ್ಲಿ, ಮುಷ್ಕರದಲ್ಲಿ, ರ‍್ಯಾಂಕ್ ಬಂದಾಗ, ನೆರೆ ಬಂದಾಗ. ಉಳಿದ ಮುನ್ನೂರು ದಿನ ಆ ಹುಡುಗ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದನಲ್ಲ, ಅದು ಸುದ್ದಿಯಲ್ಲ.

ಸುದ್ದಿಯಲ್ಲದ್ದನ್ನು ಹುಡುಕಿಕೊಂಡು ಹೋದ ಕನ್ನಡಿಗ ಅಂದರೆ ಟಿ.ಎಸ್. ಸತ್ಯನ್. ಮೈಸೂರಿನವರು, 1923ರಲ್ಲಿ ಹುಟ್ಟಿದವರು. ಫೋಟೋ ಜರ್ನಲಿಸಂ ಅಂದರೆ ಏನು ಅಂತ ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಕಾಲದಲ್ಲಿ ಅದನ್ನೇ ಹೊಟ್ಟೆಪಾಡು ಮಾಡಿಕೊಂಡವರು. ಮಂತ್ರಿ ಮಹಾರಾಜರನ್ನೂ ತೆಗೆದರು, ಆದರೆ ಅವರ ಮನಸ್ಸು ಇದ್ದದ್ದು ಸಾಮಾನ್ಯ ಜನರಲ್ಲಿ, ಅದರಲ್ಲೂ ಮಕ್ಕಳಲ್ಲಿ. ಯುನಿಸೆಫ್‌ಗಾಗಿ ದೇಶ ಸುತ್ತಿ ಮಕ್ಕಳ ಚಿತ್ರ ತೆಗೆದರು. 1979, ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ಆತ್ಮಕಥನದ ಹೆಸರು 'ಕಾಲಕ್ಕೆ ಕನ್ನಡಿ'. ಸತ್ಯನ್ ಅವರ ಮಕ್ಕಳು ಕ್ಯಾಮೆರಾಕ್ಕಾಗಿ ನಿಂತವರ ಹಾಗೆ ಕಾಣುವುದಿಲ್ಲ, ತಮ್ಮ ಪಾಡಿಗೆ ಏನೋ ಮಾಡುತ್ತಿರುವ ಹಾಗೆ ಕಾಣುತ್ತಾರೆ. ಅಷ್ಟು ಹೊತ್ತು ಅವರ ನಡುವೆ ಇರಲು ಸತ್ಯನ್‌ಗೆ ತಾಳ್ಮೆ ಇತ್ತು ಅನ್ನುವುದು ಒಂದು ಕಾರಣ. ಫಿಲ್ಮಿನ ಖರ್ಚು ಕೊಡಲು ಒಂದು ಸಂಸ್ಥೆ ಇತ್ತು ಅನ್ನುವುದು ಇನ್ನೊಂದು. ಮೂಡಲಗಿಯ ಫೋಟೋಗ್ರಾಫರನಿಗೆ ತಾಳ್ಮೆ ಇತ್ತೋ ಇಲ್ಲವೋ, ಯುನಿಸೆಫ್ ಅಂತೂ ಇರಲಿಲ್ಲ.

ಬೀದಿ ಛಾಯಾಗ್ರಹಣ ಅಂದ ಕೂಡಲೇ ಎಲ್ಲರೂ ಹೇಳುವ ಹೆಸರು ಆನ್ರಿ ಕಾರ್ತಿಯೆ-ಬ್ರೆಸ್ಸೋಂ. 1952ರ ಅವನ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ 'ದಿ ಡಿಸೈಸಿವ್ ಮೊಮೆಂಟ್' ಅಂತ ಹೆಸರಿಟ್ಟರು. ಯೂಟ್ಯೂಬಿನ ಪ್ರತಿ ಫೋಟೋ ಪಾಠದಲ್ಲೂ ಈ ಎರಡು ಪದ ಕೇಳಿರುತ್ತೀರಿ. ಆದರೆ ಫ್ರೆಂಚ್ ಮೂಲದ ಹೆಸರು ಬೇರೆ: 'ಇಮಾಜ್ ಆ ಲಾ ಸೊವೆತ್'. ಲೈಸೆನ್ಸ್ ಇಲ್ಲದೆ ರಸ್ತೆ ಬದಿ ಮಾರುವವನು ಪೊಲೀಸ್ ಬಂದರೆ ಗಂಟು ಕಟ್ಟಿ ಓಡಲು ತಯಾರಾಗಿಯೇ ಇರುತ್ತಾನಲ್ಲ, ಆ ಥರ ಅವಸರದಲ್ಲಿ, ಕದ್ದು ತೆಗೆದ ಚಿತ್ರಗಳು ಅಂತ ಅದರ ಭಾವ. ಗೋಕಾಕ ಬಸ್ ನಿಲ್ದಾಣದಲ್ಲಿ ನನಗೆ ಆದದ್ದು ಇದೇ. ನಾನು ನಿರ್ಣಾಯಕ ಕ್ಷಣ ಹಿಡಿಯಲು ಹೋಗಿದ್ದೆ. ಆ ಅಜ್ಜನಿಗೆ ಗಂಟು ಕಟ್ಟಿ ಓಡುವವನು ಕಂಡ.

*

ಆದರೂ ಬಿಡಲಿಲ್ಲ. ಎರಡು ವರ್ಷ ರಜೆ ಸಿಕ್ಕಾಗಲೆಲ್ಲ ಈ ಮೂರು ಊರು ತಿರುಗಿದೆ. ಗೋಕಾಕ ನಮ್ಮ ಮನೆ, ಮೂಡಲಗಿ ಅವ್ವನ ತವರು, ಹುಕ್ಕೇರಿ ನಮ್ಮತ್ತೆಯ ಊರು. ಒಂದೊಂದು ಊರೂ ಒಂದೊಂದು ಪಾಠ ಹೇಳಿತು.

ಮೂಡಲಗಿ ಗೋಕಾಕ ತಾಲೂಕಿನಲ್ಲೇ ಇದ್ದದ್ದು, 2018ರ ಹೊತ್ತಿಗೆ ತಾನೇ ತಾಲೂಕಾಯಿತು. ಚಳಿಗಾಲದಲ್ಲಿ ಅಲ್ಲಿಯ ರಸ್ತೆ ಕಬ್ಬಿನ ಟ್ರ್ಯಾಕ್ಟರುಗಳದು. ಎರಡೆರಡು ಟ್ರೇಲರ್, ಸ್ಪೀಕರಿನಲ್ಲಿ ಜಾನಪದ ಹಾಡು. ಶಾಲೆ ಬಿಡುವ ಹೊತ್ತಿಗೆ ಟ್ರ್ಯಾಕ್ಟರ್ ಹಂಪಿನ ಹತ್ತಿರ ನಿಧಾನ ಆಯಿತೋ, ಯುನಿಫಾರ್ಮಿನ ಹುಡುಗರು ಹಿಂದೆ ಓಡಿ ಒಂದು ಜಲ್ಲೆ ಎಳೆಯುತ್ತಾರೆ. ಡ್ರೈವರ್ ಬಯ್ಯುತ್ತಾನೆ, ನಿಲ್ಲಿಸುವುದಿಲ್ಲ. ತಾನೂ ಹಾಗೆಯೇ ಎಳೆದವನು ಅವನು. ಈ ಚಿತ್ರ ನನ್ನ ಹತ್ತಿರ ಹನ್ನೊಂದು ಇದೆ. ಹನ್ನೊಂದರಲ್ಲೂ ಹುಡುಗರ ಕೈ ಕಲಸಿದೆ, ಕಬ್ಬು ಮಾತ್ರ ಸ್ಪಷ್ಟವಾಗಿದೆ.

ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ಗುಮ್ಮಟಗಳಿವೆ. ವಿಜಯಪುರದ್ದರ ಮುಂದೆ ಸಣ್ಣವು, ಹೆಚ್ಚು ಪ್ರವಾಸಿಗರಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಒಬ್ಬ ಹುಡುಗ ಗುಮ್ಮಟದ ನೆರಳಿನಲ್ಲಿ ಆ ಕಡೆಯಿಂದ ಈ ಕಡೆ ತಿರುಗಾಡುತ್ತ ಗೈಡ್ ಉರು ಹೊಡೆಯುತ್ತಿದ್ದ. ಇತಿಹಾಸದ್ದೇ ಗೈಡು. ನೂರೈವತ್ತು ವರ್ಷದ ಹಿಂದೆ ಕ್ಯಾಮೆರಾ ತಂದವರು ಗುಮ್ಮಟ ತೆಗೆದು ಹುಡುಗನನ್ನು ಅಳತೆಗೆ ನಿಲ್ಲಿಸುತ್ತಿದ್ದರು. ನಾನು ಹುಡುಗನನ್ನು ತೆಗೆದೆ. ಗುಮ್ಮಟ ಹಿಂದೆ ಸುಮ್ಮನೆ ಅಳತೆಗೆ ನಿಂತಿತ್ತು.

ಗೋಕಾಕದಲ್ಲಿ ನನಗೆ ಹೆಚ್ಚು ಸಿಕ್ಕಿದ್ದು ವಾಹನಗಳು. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರು ಮಾಡಿತು. ಅಷ್ಟೊತ್ತಿಗೆ ನಾನು ಎಂಟನೇತ್ತೆ ದಾಟಿದ್ದೆ, ಆ ಹೊಟ್ಟೆಕಿಚ್ಚು ಇನ್ನೂ ಇದೆ. ಕ್ಯಾರಿಯರ್ ಮುರಿದ, ಚೈನ್ ಕವರ್ ಹೋದ ಆ ಸೈಕಲ್ಲುಗಳು ಈಗಲೂ ಹಳ್ಳಿ ರಸ್ತೆಯಲ್ಲಿ ಕಾಣುತ್ತವೆ. ಅಕ್ಕ ಓದಿ ಮುಗಿಸಿದ್ದಾಳೆ, ತಮ್ಮ ತುಳಿಯುತ್ತಿದ್ದಾನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನೊಳಗಿನ ಚಿತ್ರವೂ ಬದಲಾಗಿದೆ. ಮುಂಚೆ ಪಾಸ್ ಮುಗಿಯುವ ದಿನಾಂಕ ನೋಡಿಕೊಳ್ಳುತ್ತಿದ್ದ ಹುಡುಗಿಯರು ಈಗ ಆಧಾರ್ ಕಾರ್ಡನ್ನು ಮೊಬೈಲ್ ಕವರಿನ ಹಿಂದೆ ಸಿಕ್ಕಿಸಿಕೊಂಡಿರುತ್ತಾರೆ. ಇಂಥದ್ದು ಯಾವ ಸರ್ಕಾರಿ ವರದಿಯಲ್ಲೂ ಬರುವುದಿಲ್ಲ. ಇಪ್ಪತ್ತು ವರ್ಷದ ನಂತರ ಯಾರಾದರೂ ಈ ಕಾಲದ ಹುಡುಗಿಯರು ಹೇಗೆ ಕಾಲೇಜಿಗೆ ಹೋದರು ಅಂತ ಕೇಳಿದರೆ, ಆ ಕವರಿನ ಹಿಂದಿನ ಕಾರ್ಡು ಅವರಿಗೆ ಬೇಕಾಗುತ್ತದೆ.

*

ಈಗ ನಾನು ತೆಗೆದು ಅಳಿಸಿದ ಒಂದು ಫೋಟೋದ ಬಗ್ಗೆ ಹೇಳಬೇಕು.

ಮಳೆಗಾಲ. ಫಾಲ್ಸಿಗೆ ನೀರು ಬಂದಿತ್ತು. 52 ಮೀಟರ್ ಎತ್ತರದಿಂದ ಕೆಂಪು ನೀರು ಬೀಳುವ ಸದ್ದಿಗೆ ಪಕ್ಕದವರ ಮಾತು ಕೇಳುವುದಿಲ್ಲ. ಬಂಡೆಯ ಮೇಲೆ ಒಬ್ಬ ಹುಡುಗ, ಒಬ್ಬ ಹುಡುಗಿ, ಇಬ್ಬರೂ ಕಾಲೇಜು ಯುನಿಫಾರ್ಮಿನಲ್ಲಿ. ನಡುವೆ ಎರಡು ಬ್ಯಾಗು. ಹುಡುಗ ಕರದಂಟಿನ ತುಂಡೊಂದನ್ನು ಮುರಿಯಲು ನೋಡುತ್ತಿದ್ದಾನೆ, ಅದು ಮುರಿಯುತ್ತಿಲ್ಲ. ಹುಡುಗಿ ನಗುತ್ತ ಕೈ ಚಾಚಿದ್ದಾಳೆ. ಇಷ್ಟೇ. ಇಲ್ಲಿಯವರೆಗೆ ನಾನು ತೆಗೆದದ್ದರಲ್ಲಿ ಅದಕ್ಕಿಂತ ಒಳ್ಳೆಯ ಫೋಟೋ ಇಲ್ಲ. ಬೆಂಗಳೂರಿನಲ್ಲಿ ತೆಗೆದಿದ್ದರೆ ಅವತ್ತೇ ಇನ್‌ಸ್ಟಾಗ್ರಾಮಿಗೆ ಹಾಕುತ್ತಿದ್ದೆ.

ಆದರೆ ನಾನು ಈ ಊರಿನವನು. ಆ ಫೋಟೋ ಒಂದು ವಾಟ್ಸಾಪ್ ಗುಂಪಿಗೆ ಬಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಹುಡುಗನಿಗೆ ನಾಲ್ಕು ಏಟು ಬೀಳಬಹುದು. ಹುಡುಗಿಯ ಕಾಲೇಜು ಅವತ್ತಿಗೆ ಬಂದ್. ಆಕೆಯ ವಿದ್ಯಾರ್ಥಿ ಜೀವನದ ಕೊನೆಯ ಫೋಟೋ ಅದೇ ಆಗಬಹುದು, ತೆಗೆದವನು ನಾನು. ಹತ್ತಿರ ಹೋಗಿ ಕೇಳಲೇ ಅಂದುಕೊಂಡೆ. ಕೇಳಿದರೆ ಅವರ ಆ ಮಧ್ಯಾಹ್ನ ಅಲ್ಲಿಗೇ ಕೆಡುತ್ತಿತ್ತು. ಸೇತುವೆಯ ಮೇಲೆ ನಿಂತೇ ಡಿಲೀಟ್ ಒತ್ತಿದೆ.

ಅವತ್ತು ನನಗೆ ಒಂದು ವಿಷಯ ತಿಳಿಯಿತು. ನಮ್ಮವ್ವನ ಕಾಲದಲ್ಲಿ ಮಕ್ಕಳ ನಗು ಫೋಟೋದಲ್ಲಿ ಉಳಿಯದೆ ಹೋದದ್ದು ಫ್ರೇಮಿಗೆ ಬೆಲೆ ಇತ್ತು ಅಂತ. ಈಗ ಫ್ರೇಮು ಪುಕ್ಕಟೆ. ಆದರೆ ಬೆಲೆ ಎಲ್ಲೂ ಹೋಗಿಲ್ಲ, ತೆಗೆಯುವವನ ಜೇಬಿನಿಂದ ತೆಗೆಸಿಕೊಳ್ಳುವವರ ತಲೆಗೆ ದಾಟಿದೆ, ಅಷ್ಟೇ. ಬಸ್ ನಿಲ್ದಾಣದ ಆ ಹುಡುಗಿ ಬ್ಯಾಗು ಅಡ್ಡ ಹಿಡಿದದ್ದು ನಾಚಿಕೆಯಿಂದಲ್ಲ. ಅವಳಿಗೆ ಈ ಲೆಕ್ಕ ನನಗಿಂತ ಮೊದಲೇ ಗೊತ್ತಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳು ಅಂತಲೇ ಎಣಿಸುತ್ತದೆ. ಕಾಯ್ದೆ ಇರಲಿ, ಆ ಧೋತರದ ಅಜ್ಜನ ಪ್ರಶ್ನೆ ಅದಕ್ಕಿಂತ ಹಳೆಯದು, ಮತ್ತು ಸರಿಯಾದದ್ದು. ಯಾರ ಮಗ ನೀ? ಅಂದರೆ, ಹೆಚ್ಚುಕಮ್ಮಿ ಆದರೆ ನಾವು ಯಾರ ಮನೆಗೆ ಬಂದು ಕೇಳಬೇಕು?

ಅಂದಿನಿಂದ ನನ್ನದೇ ಕೆಲವು ನಿಯಮ ಮಾಡಿಕೊಂಡೆ. ತೆಗೆದ ಮೇಲೆ ಹೋಗಿ ಹೆಸರು, ಮನೆತನ ಹೇಳಿ ಚಿತ್ರ ತೋರಿಸುತ್ತೇನೆ. ಬೇಡ ಅಂದರೆ ಅವರ ಕಣ್ಣ ಮುಂದೆಯೇ ಅಳಿಸುತ್ತೇನೆ. ಬೇಕು ಅಂದರೆ ಸ್ಟುಡಿಯೊ ಕಾಕಾನ ಹತ್ತಿರ ಪ್ರಿಂಟ್ ಹಾಕಿಸಿ, ಮುಂದಿನ ರಜೆಗೆ ಬಂದಾಗ ಕೊಡುತ್ತೇನೆ. ಎಲ್ಲಿಯೂ ಪೋಸ್ಟ್ ಮಾಡುವುದಿಲ್ಲ. ಪ್ರಿಂಟಿನ ಹಿಂದೆ ಊರು, ತಾರೀಖು ಬರೆಯುತ್ತೇನೆ. ಇದರಿಂದ ಫೋಟೋಗಳು ಕಡಿಮೆಯಾದವು. ಆದರೆ ಆ ಶೇಂಗಾ ಗುಂಪಿನಲ್ಲಿ ಮೂವರು ಮುಂದೊಂದು ದಿನ ತಾವೇ ಕರೆದು, "ಅಣ್ಣಾ, ನಮ್ಮದೊಂದ್ ತಗೀರಿ, ಆದ್ರ ನಮಗಷ್ಟ ಕೊಡ್ರಿ" ಅಂದರು. ನಾಲ್ಕನೆಯವಳು ಆಗಲೂ ಬ್ಯಾಗು ಅಡ್ಡ ಹಿಡಿದಳು. ಆ ಪ್ರಿಂಟಿನಲ್ಲಿ ಮೂರು ನಗು ಮತ್ತು ಒಂದು ಬ್ಯಾಗು ಇದೆ. ನಾಲ್ವರಿಗೂ ಒಂದೊಂದು ಕಾಪಿ ಕೊಟ್ಟೆ.

*

ಕಳೆದ ದೀಪಾವಳಿಗೆ ಅವ್ವನ ಫೋಟೋವನ್ನು ಗಾಜಿನಿಂದ ಮೆಲ್ಲಗೆ ಬಿಡಿಸಿ, ಸ್ಕ್ಯಾನ್ ಮಾಡಿ, ಉಳಿದಷ್ಟನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿದೆ. ಅಡುಗೆ ಮನೆಯ ಕಟ್ಟೆಯ ಮೇಲೆ ಇಟ್ಟು, ಪೆನ್ಸಿಲ್ ಕೊಟ್ಟು, "ಹಿಂದ ಎಲ್ಲಾರ ಹೆಸರು ಬರಿ" ಅಂದೆ. ಅವ್ವ ಮೊದಲು ಒಲ್ಲೆ ಅಂದಳು. ಆಮೇಲೆ ಕನ್ನಡಕ ಹಾಕಿಕೊಂಡು ಕೂತಳು.

ಹುಡುಗರ ಸಾಲಿನಲ್ಲಿ ಅರ್ಧ ಹೆಸರು ಸಿಕ್ಕವು. ಹುಡುಗಿಯರದು ಬಹುತೇಕ ಎಲ್ಲ ಬಂದವು, ಹೆಸರಿನ ಜೊತೆ ಕೊಟ್ಟ ಊರೂ ಬಂತು. ಈಕೆಯನ್ನು ರಾಯಬಾಗಕ್ಕೆ ಕೊಟ್ಟರು, ಈಕೆ ಸಂಕೇಶ್ವರಕ್ಕೆ ಹೋದಳು, ಈಕೆ ಒಬ್ಬಾಕಿ ಟಿಸಿಎಚ್ ಮಾಡಿ ಅಕ್ಕೋರಾದಳು, ಈಕೆ ಈಗಿಲ್ಲ. ಹದಿನಾಲ್ಕು ಹುಡುಗಿಯರ ಇತಿಹಾಸ ಒಲೆಯ ಮೇಲಿನ ಅನ್ನ ಆಗುವಷ್ಟರಲ್ಲಿ ಮುಗಿಯಿತು. ನಾಲ್ಕನೆಯ ಹುಡುಗಿಯ ಹತ್ತಿರ, ಅಂದರೆ ತನ್ನ ಪಕ್ಕದವಳ ಹತ್ತಿರ, ಪೆನ್ಸಿಲ್ ನಿಂತಿತು.

"ಈಕಿ ಹೆಸರ ನೆನಪಾಗವಲ್ದು ನೋಡು. ಒಂದ ವರ್ಷ ಇದ್ಲು. ಅವರಪ್ಪಗ ಬದಲಿ ಆತು, ಹೋದ್ರು."

ಅವ್ವ ಆ ಮುಖದ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆ ಹುಡುಗಿ ಫೋಟೋದಲ್ಲಿ ತೀರ ಗಂಭೀರವಾಗಿ, ತುಟಿ ಬಿಗಿ ಹಿಡಿದು ನೇರ ನೋಡುತ್ತಿದ್ದಾಳೆ. ಇದ್ದಕ್ಕಿದ್ದ ಹಾಗೆ ಅವ್ವನಿಗೆ ನಗು ಬಂತು.

"ಈಕೀನ! ಫೋಟೋ ಹೊಡಿಯೂ ಹೊತ್ತಿಗೆ ಹೆಡ್‌ಮಾಸ್ತರ ಟೊಪಿಗಿ ನೋಡಿ ಕಿವ್ಯಾಗ ಏನೋ ಅಂದ್ಲು. ತಾ ಹಂಗ ನಿಂತ್ಲು, ನನ್ನ ನಗಿಸಿ ಕೆಡಸಿದ್ಲು!"

"ಏನ್ ಅಂದ್ಲವ್ವಾ?"

ಅವ್ವ ಬಾಯಿಗೆ ಸೆರಗು ಹಿಡಿದು, ಭುಜ ಕುಣಿಸುತ್ತ ಜೋರಾಗಿ ನಗಹತ್ತಿದಳು. ಕ್ಯಾಮೆರಾ ಪಕ್ಕದಲ್ಲೇ ಇತ್ತು. ಎತ್ತಿ ಒತ್ತಿದೆ. ಅಡುಗೆ ಮನೆಯಲ್ಲಿ ಬೆಳಕು ಕಡಿಮೆ, ಮುಖ ಮತ್ತೆ ಕಲಸಿ ಬಂತು. ತೋರಿಸಿದೆ.

"ಅಳಸಬ್ಯಾಡ, ಇರ್ಲಿ ಬಿಡು" ಅಂದಳು.